ಜಿಪಿಎಲ್ ಮತ್ತು ರೀಸೆಲ್ಲರ್: 3(ಸಿ)ಯಲ್ಲಿ ನಾನು ಎಡವಿದ್ದು

ಓಪನ್‌ಸೋರ್ಸ್ ಸಾಫ್ಟ್‌ವೇರ್ ಬಳಸೋಕೆ, ಹಂಚೋಕೆ ಇರೋ ಲೈಸೆನ್ಸ್‌ಗಳ (ಎಂಐಟಿ, ಜಿಪಿಎಲ್ ಇತ್ಯಾದಿ) ಪಾಠ ಇವತ್ತಷ್ಟೇ ಮುಗೀತು, ತಲೇಲಿ ಬಿಸಿ ಇರೋವಾಗ್ಲೇ ಬರೆದಿಡ್ತೀನಿ.

ಎಂಐಟಿ, ಬಿಎಸ್‌ಡಿ ಸುಲಭ, ಕಾಪಿರೈಟ್ ಸಾಲು ಮತ್ತೆ ಲೈಸೆನ್ಸ್ ಪಠ್ಯ ಅಳಿಸ್ದೆ ಜೊತೆಗೆ ಕೊಟ್ರಾಯ್ತು. ಅಪಾಚೆ 2.0 ಆದ್ರೆ ನಾವು ತಿದ್ದಿದ ಫೈಲಲ್ಲಿ ತಿದ್ದಿದೀವಿ ಅಂತ ಬರೀಬೇಕು, ನೋಟಿಸ್ ಫೈಲ್ ಇದ್ರೆ ಅದರಲ್ಲಿರೋ ಹೆಸರುಗಳೂ ಮುಂದಕ್ಕೆ ಹೋಗ್ಬೇಕು. ಜಿಪಿಎಲ್‌ನಲ್ಲಿ ಸೋರ್ಸ್ (ಪ್ರೋಗ್ರಾಮರ್ ಬರೆದ ಮೂಲ ಕೋಡ್) ಕೊಡೋ ಹೊಣೆ ಹುಟ್ಟೋದು ಬಳಸಿದಾಗ ಅಲ್ಲ, ಹಂಚಿದಾಗ. ಕಂಪನಿ ಒಳಗೇ ತಿದ್ದಿ ಬಳಸ್ಕೊಂಡ್ರೆ ಯಾರಿಗೂ ಸೋರ್ಸ್ ಕೊಡ್ಬೇಕಿಲ್ಲ. ಎಜಿಪಿಎಲ್ ಮಾತ್ರ ಬೇರೆ, ತಿದ್ದಿದ ಪ್ರೋಗ್ರಾಂ ಸರ್ವರ್‌ನಲ್ಲಿ ಓಡಿಸಿದ್ರೂ ನೆಟ್‌ವರ್ಕ್ ಮೂಲಕ ಬಳಸೋರಿಗೆ ಸೋರ್ಸ್ ಸಿಗ್ಬೇಕು.

ಈಗ ನಾನು ಎಡವಿದ ಜಾಗ. ಅಭ್ಯಾಸದ ಪ್ರಶ್ನೆ ಹೀಗಿತ್ತು: ಒಬ್ರು ಲಿನಕ್ಸ್, ಬಿಝಿಬಾಕ್ಸ್ (ಎರಡೂ ಜಿಪಿಎಲ್ 2ನೇ ಆವೃತ್ತಿಯ ಪ್ರೋಗ್ರಾಂಗಳು) ಇರೋ 200 ರೂಟರ್ ಸಗಟಾಗಿ ತಗೊಂಡು, ತಮ್ಮ ಫರ್ಮ್‌ವೇರ್ (ಸಾಧನದೊಳಗೆ ಓಡೋ ಸಾಫ್ಟ್‌ವೇರ್) ತುಂಬಿ, ತಮ್ಮ ಸ್ಟಿಕ್ಕರ್ ಅಂಟಿಸಿ ಮಾರ್ತಾರೆ, ಸೋರ್ಸ್ ಯಾರು ಕೊಡ್ಬೇಕು? ಜಿಪಿಎಲ್ 2ನೇ ಆವೃತ್ತಿ (1991) 3ನೇ ಸೆಕ್ಷನ್‌ನಲ್ಲಿ ಮೂರು ದಾರಿ ಇದೆ. ಎ, ಬೈನರಿ (ಸೋರ್ಸ್‌ನಿಂದ ಕಟ್ಟಿದ, ಯಂತ್ರ ಓಡಿಸೋ ಫೈಲ್) ಜೊತೇಲೇ ಸೋರ್ಸ್ ಕೊಡೋದು. ಬಿ, ಕನಿಷ್ಠ 3 ವರ್ಷ ಯಾರು ಕೇಳಿದ್ರೂ ಸೋರ್ಸ್ ಕೊಡ್ತೀವಿ, ಕಾಪಿ ಮಾಡಿ ಕೊಡೋ ಖರ್ಚಿಗಿಂತ ಜಾಸ್ತಿ ತಗೊಳಲ್ಲ ಅಂತ ಬರೆದುಕೊಡೋದು. ಸಿ, ನಮಗೆ ಸಿಕ್ಕ ಆ ಬರಹದ ಭರವಸೆಯನ್ನೇ ಮುಂದಿನೋರಿಗೆ ದಾಟಿಸೋದು. ಸಿ ಓದಿದ ತಕ್ಷಣ ಇದು ರೀಸೆಲ್ಲರ್‌ಗೇ ಮಾಡ್ಸಿದ್ದು ಅನ್ನಿಸ್ತು, ತಯಾರಕರ ಭರವಸೆಯ ಚೀಟಿ ಡಬ್ಬದಲ್ಲಿ ಇದೆಯಲ್ಲ, ಸಾಕು ಅಂತ ಉತ್ತರ ಬರ್ದೆ. ಪೂರ್ತಿ ತಪ್ಪು.

ಯಾಕಂದ್ರೆ ಸಿ ಕೊನೇಲಿ ಒಂದು ಬ್ರಾಕೆಟ್ ಇದೆ, ಬ್ರಾಕೆಟ್ ಒಳಗಿರೋದನ್ನ ಹಾರಿಸಿ ಓದೋ ಚಾಳಿ ನಂದು. ಅದರೊಳಗೆ ಬರ್ದಿರೋದು, ಈ ದಾರಿ ವ್ಯಾಪಾರಕ್ಕಲ್ಲದ ಹಂಚಿಕೆಗೆ ಮಾತ್ರ ಅಂತ. ಗೆಳೆಯನಿಗೆ ಸುಮ್ನೆ ಕೊಟ್ರೆ ಸಿ ನಡಿಯುತ್ತೆ, ದುಡ್ಡಿಗೆ ಮಾರಿದ್ರೆ ನಡಿಯಲ್ಲ. ಮಾರೋರಿಗೆ ಉಳಿಯೋದು ಎ ಅಥವಾ ಬಿ. ಸಪ್ಲೈಯರ್ ನಂಗೇ ಸೋರ್ಸ್ ಕೊಟ್ಟಿಲ್ಲ ಅನ್ನೋದೂ ನೆಪ ಆಗಲ್ಲ, ಯಾಕಂದ್ರೆ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ನಮಗೆ ಬರೋದು ಸಪ್ಲೈಯರ್‌ನಿಂದ ಅಲ್ಲ, ನೇರ ಮೂಲ ಹಕ್ಕುದಾರರಿಂದ. 2009ರ ಡಿಸೆಂಬರ್‌ನಲ್ಲಿ ಬಿಝಿಬಾಕ್ಸ್ ವಿಷಯಕ್ಕೆ ಅಮೆರಿಕದಲ್ಲಿ 14 ಕಂಪನಿಗಳ ಮೇಲೆ ಕೇಸ್ ಬಿತ್ತು, ಅದರಲ್ಲಿ ಸ್ಯಾಮ್‌ಸಂಗ್ ಥರ ತಯಾರಕರ ಜೊತೆ ಬೆಸ್ಟ್ ಬೈ ಅನ್ನೋ ಅಂಗಡಿ ಕಂಪನಿಯೂ ಇತ್ತು. ಇದು ಗೊತ್ತಾದ ಮೇಲೇ ನಂಗೆ ವಿಷಯ ನಾಟಿದ್ದು.

ಹಾಗಾಗಿ ನನ್ನ ಶಾರ್ಟ್‌ಕಟ್: ಯಾವತ್ತೂ ಎ. ಪರ್ಚೇಸ್ ಆರ್ಡರ್‌ನಲ್ಲೇ ಸೋರ್ಸ್ ಕೇಳಿ ಇಸ್ಕೊಂಡು, ನಾವು ತಿದ್ದಿದ್ದರ ಸೋರ್ಸೂ ಸೇರಿಸಿ ಡಬ್ಬಕ್ಕೆ ಹಾಕ್ಬಿಟ್ರೆ ಅಲ್ಲಿಗೆ ಲೆಕ್ಕ ಚುಕ್ತಾ. ಬಿ ಹಿಡಿದ್ರೆ ಕೊನೇ ಡಬ್ಬ ಮಾರಿದ ಮೇಲೂ 3 ವರ್ಷ ಸೋರ್ಸ್ ಕಾಯ್ಕೊಂಡು ಕೂರ್ಬೇಕು, 2007ರ 3ನೇ ಆವೃತ್ತಿ ಆದ್ರೆ ಕನಿಷ್ಠ ಆ 3 ವರ್ಷ, ಜೊತೆಗೆ ಸ್ಪೇರ್ ಪಾರ್ಟ್ ಅಥವಾ ಸಪೋರ್ಟ್ ಕೊಡೋವರೆಗೂ.

ಆದ್ರೆ ಇಸ್ಕೊಂಡ ಸೋರ್ಸ್ ತೆರೆದು ನೋಡಿ. ನಾನು ಪ್ರಾಕ್ಟೀಸ್‌ಗೆ ಅಂತ ಒಂದು ರೂಟರ್‌ನ ಸೋರ್ಸ್ ಇರೋ ಟಾರ್ ಫೈಲ್ (ಎಷ್ಟೋ ಫೈಲ್ ಒಟ್ಟಿಗೆ ಕಟ್ಟಿದ ಗಂಟು) ಬಿಚ್ಚಿದ್ರೆ ಕರ್ನಲ್ (ಲಿನಕ್ಸ್‌ನ ತಿರುಳು) ಫೋಲ್ಡರ್ ಇತ್ತು, ಬಿಝಿಬಾಕ್ಸ್ ಫೋಲ್ಡರ್ ಇತ್ತು, ಎರಡರಲ್ಲೂ ಕಾನ್ಫಿಗ್ ಫೈಲೇ ಇಲ್ಲ. ಬಿಝಿಬಾಕ್ಸ್ ಅಂದ್ರೆ ನೂರಾರು ಕಮಾಂಡ್ ಒಂದೇ ಫೈಲಲ್ಲಿ, ಅದರಲ್ಲಿ ಯಾವ್ಯಾವುದು ಸೇರಿದೆ ಅಂತ ಹೇಳೋದೇ ಆ ಕಾನ್ಫಿಗ್, ಅದಿಲ್ದೆ ಅದೇ ಬೈನರಿ ಮತ್ತೆ ಕಟ್ಟೋದು ಹೇಗೆ? ಲೈಸೆನ್ಸ್ ಪೂರ್ತಿ ಸೋರ್ಸ್ ಅನ್ನೋದ್ರಲ್ಲಿ ಕಂಪೈಲ್ ಮತ್ತೆ ಇನ್‌ಸ್ಟಾಲ್ ನಡೆಸೋ ಸ್ಕ್ರಿಪ್ಟ್‌ಗಳೂ ಸೇರಿವೆ. ಇಂಥ ಟಾರ್ ಡಬ್ಬಕ್ಕೆ ಹಾಕಿದ್ರೆ ಎ ಆಗಲ್ಲ, ಬರೀ ಭಾರ.

ಈ ಷರತ್ತು ತಪ್ಪಿದ್ರೆ ಜಿಪಿಎಲ್ 2ನೇ ಆವೃತ್ತಿಯಲ್ಲಿ ಹಂಚೋ ಹಕ್ಕು ತಾನಾಗೇ ಹೋಗುತ್ತೆ. 3ನೇದರಲ್ಲಿ ಮೊದಲ ಸಲ ತಪ್ಪಿದವರು ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡಿದ್ರೆ ವಾಪಸ್ ಸಿಗುತ್ತೆ. ಲಿನಕ್ಸ್ ಕರ್ನಲ್ ಇರೋದು 2ನೇದರಲ್ಲಿ, ಆದ್ರೂ 2017ರಲ್ಲಿ ಅದರ ಎಷ್ಟೋ ಡೆವಲಪರ್‌ಗಳು ಆ 30 ದಿನದ ಅವಕಾಶ ನಾವೂ ಕೊಡ್ತೀವಿ ಅಂತ ಸಹಿ ಹಾಕಿದಾರೆ. ಬಿಝಿಬಾಕ್ಸ್‌ಗೆ ಆ ಸಹಿ ಲೆಕ್ಕಕ್ಕೆ ಬರಲ್ಲ, ಅದನ್ನೂ ನಾನು ಮೊದಲು ಗುಡ್ಡೆ ಹಾಕಿ ಒಂದೇ ಅಂದ್ಕೊಂಡಿದ್ದೆ.