ಪುಡಿಯಲ್ಲಿ ಇರಬೇಕಾದದ್ದು ಇದೆಯೇ, ಇರಬಾರದ್ದು ಇಲ್ಲವೇ?

ಚೀನೀ ಔಷಧಿಗಳ ವ್ಯಾಪಾರದಲ್ಲಿ ‘ಫಾಂಗ್ ಜಿ’ ಎಂದು ಕರೆಸಿಕೊಳ್ಳುವ ಬೇರು ಒಂದೇ ಅಲ್ಲ. ಹಾನ್ ಫಾಂಗ್ ಜಿ ಎಂದರೆ ಸ್ಟೆಫಾನಿಯಾ ಟೆಟ್ರಾಂಡ್ರಾ, ಗ್ವಾಂಗ್ ಫಾಂಗ್ ಜಿ ಎಂದರೆ ಅರಿಸ್ಟೊಲೋಕಿಯಾ ಫಾಂಗ್ಚಿ. ಎರಡರ ಸಸ್ಯಕುಟುಂಬವೇ ಬೇರೆ. ಆದರೆ ಒಣಗಿಸಿ, ಪುಡಿ ಮಾಡಿ, ಚೀಲಕ್ಕೆ ತುಂಬಿದ ಮೇಲೆ ಬರಿಗಣ್ಣಿನಿಂದ ಗುರುತು ಹಿಡಿಯುವುದು ಕಷ್ಟ. ಮೊದಲನೆಯದರ ಮುಖ್ಯ ಆಲ್ಕಲಾಯ್ಡ್ (ಗಿಡಗಳಲ್ಲಿರುವ, ಸಾರಜನಕವುಳ್ಳ ಕ್ಷಾರೀಯ ಸಂಯುಕ್ತ) ಟೆಟ್ರಾಂಡ್ರಿನ್. ಎರಡನೆಯದರಲ್ಲಿ ಇರುವುದು ಮೂತ್ರಪಿಂಡವನ್ನು ಹಾಳುಮಾಡಿ ಕ್ಯಾನ್ಸರ್ ತರಬಲ್ಲ ಅರಿಸ್ಟೊಲೋಕಿಕ್ ಆಮ್ಲ.

1990ರಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್ ತೂಕ ಇಳಿಸುವ ತನ್ನ ಮಿಶ್ರಣಕ್ಕೆ ಸ್ಟೆಫಾನಿಯಾ ಎಂಬ ಹೆಸರಿನಲ್ಲಿ ಬಂದ ಪುಡಿಯನ್ನು ಸೇರಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನು ತೆಗೆದುಕೊಂಡ ಮಹಿಳೆಯರು ಒಬ್ಬರ ಹಿಂದೆ ಒಬ್ಬರಂತೆ ಮೂತ್ರಪಿಂಡ ವೈಫಲ್ಯದಿಂದ ಆಸ್ಪತ್ರೆಗೆ ಬಂದರು. ಮೂತ್ರಪಿಂಡ ತಜ್ಞ ವಾನ್‌ಹೆರ್ವೆಗೆಮ್ ಮತ್ತು ಸಂಗಡಿಗರು 1993ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಮುಂದೆ ಬಾಧಿತರ ಸಂಖ್ಯೆ ನೂರು ದಾಟಿತು. 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಟ್ಟ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರನಾಳದ ಕ್ಯಾನ್ಸರ್ ಇದ್ದದ್ದು ಕಂಡುಬಂತು.

ಈ ಪ್ರಕರಣದಲ್ಲಿ ರಸಾಯನಶಾಸ್ತ್ರಕ್ಕೆ ಸಿಕ್ಕ ಮೊದಲ ಸುಳಿವು ಪುಡಿಯಲ್ಲಿ ಸಿಕ್ಕ ವಿಷವಲ್ಲ, ಸಿಗದೇ ಹೋದ ಟೆಟ್ರಾಂಡ್ರಿನ್. ಸ್ಟೆಫಾನಿಯಾ ಎಂದು ಬರೆದ ಚೀಲದಲ್ಲಿ ಸ್ಟೆಫಾನಿಯಾದ ಗುರುತೇ ಇಲ್ಲ ಎಂದಾಗ, ಹಾಗಾದರೆ ಇದು ಯಾವ ಬೇರು ಎಂಬ ಪ್ರಶ್ನೆ ಎದ್ದಿತು. 1994ರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಪತ್ತೆಯಾಯಿತು. ಗಿಡಮೂಲಿಕೆ ಪರೀಕ್ಷಿಸುವ ನಮ್ಮ ಲ್ಯಾಬಿಗೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇರಬೇಕಾದದ್ದು ಇದೆಯೇ ಎಂದು ಮೊದಲು ನೋಡಿ.

ಟೆಟ್ರಾಂಡ್ರಿನ್ ಇದೆಯೇ ಎಂದು ನೋಡಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಟಿಎಲ್‌ಸಿ ಪ್ಲೇಟಿನ (ದ್ರಾವಕ ಮೇಲೇರುತ್ತ ಸಂಯುಕ್ತಗಳನ್ನು ಬೇರ್ಪಡಿಸುವ ತೆಳು ಲೇಪದ ಹಲಗೆ) ಮೇಲೆ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗೆ ಇಟ್ಟ ಶುದ್ಧ ಟೆಟ್ರಾಂಡ್ರಿನ್, ಪಕ್ಕದಲ್ಲೇ ಸ್ಯಾಂಪಲ್ ಓಡಿಸಿ, ಆಲ್ಕಲಾಯ್ಡ್ ಗುರುತಿಸುವ ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದರೆ ಆಲ್ಕಲಾಯ್ಡ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಸ್ಟ್ಯಾಂಡರ್ಡ್ ಏರಿದ ಎತ್ತರದಲ್ಲಿ ಸ್ಯಾಂಪಲ್‌ನ ಸಾಲು ಖಾಲಿ ಇದ್ದರೆ ಆ ಸರಕನ್ನು ಅಲ್ಲಿಗೇ ತಡೆಯಬೇಕು.

ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಅಸಲಿ ಬೇರಿಗೆ ಒಂದಿಷ್ಟು ಅರಿಸ್ಟೊಲೋಕಿಯಾ ಬೆರೆತಿದ್ದರೆ ಕಿತ್ತಳೆ ಕಲೆ ಬಂದೇ ಬರುತ್ತದೆ. ಆದ್ದರಿಂದ ಇರಬಾರದ್ದು ಇಲ್ಲವೇ ಎಂಬ ಎರಡನೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಕೇಳಬೇಕು. ಪುಡಿಯನ್ನು ಮೆಥನಾಲ್‌ನಲ್ಲಿ ಸೋನಿಕೇಟ್ ಮಾಡಿ (ಶ್ರವಣಾತೀತ ಧ್ವನಿತರಂಗದಿಂದ ಅಲುಗಿಸಿ ಸಾರ ತೆಗೆದು), ಸೋಸಿ, ಸಿ-18 ಕಾಲಂ ಇರುವ ಎಚ್‌ಪಿಎಲ್‌ಸಿಗೆ ಕೊಡುತ್ತೇವೆ. ಒತ್ತಡದಲ್ಲಿ ದ್ರಾವಕ ಹರಿಸಿ, ಕಾಲಂ ಎಂಬ ಕೊಳವೆಯಲ್ಲಿ ಸಂಯುಕ್ತಗಳನ್ನು ಒಂದೊಂದಾಗಿ ಬೇರ್ಪಡಿಸುವ ಯಂತ್ರ ಇದು. ಅರಿಸ್ಟೊಲೋಕಿಕ್ ಆಮ್ಲ ಹಳದಿ ಬಣ್ಣದ್ದು. 390 ನ್ಯಾನೊಮೀಟರ್ ಸುತ್ತಮುತ್ತಲೂ ಬೆಳಕು ಹೀರುತ್ತದೆ. ಪ್ರಮಾಣ ತೀರಾ ಕಡಿಮೆ ಇದ್ದಾಗ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕೇ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಟೆಟ್ರಾಂಡ್ರಿನ್ ಕ್ಷಾರಗುಣದ್ದು. ಪ್ರೋಟಾನನ್ನು ಸುಲಭವಾಗಿ ಹಿಡಿದುಕೊಂಡು, ತನ್ನ ಅಣುತೂಕಕ್ಕೆ ಒಂದು ಸೇರಿ, ಈ ಯಂತ್ರದಲ್ಲಿ 623ರಲ್ಲಿ ದೊಡ್ಡ ಪೀಕ್ ಕೊಡುತ್ತದೆ. ಅರಿಸ್ಟೊಲೋಕಿಕ್ ಆಮ್ಲ-1ರ ಅಣುತೂಕ 341, ಆದರೆ 342ರಲ್ಲಿ ಹುಡುಕುತ್ತ ಕುಳಿತರೆ ನಿರಾಸೆಯೇ ಹೆಚ್ಚು. ಮೊಬೈಲ್ ಫೇಸ್‌ಗೆ (ಕಾಲಂ ಮೂಲಕ ಹರಿಸುವ ದ್ರಾವಕಕ್ಕೆ) ಅಮೋನಿಯಂ ಲವಣ ಸೇರಿಸಿದರೆ ಅದು ಅಮೋನಿಯಂ ಜೊತೆ ಸೇರಿ 359ರಲ್ಲಿ ಕಾಣಿಸಿಕೊಳ್ಳುತ್ತದೆ, ಒಡೆದಾಗ 298ರ ತುಣುಕು ಕೊಡುತ್ತದೆ. ಕಾಲಂನಿಂದ ಹೊರಬರುವ ಸಮಯ, 359, 298, ಈ ಮೂರೂ ಸ್ಟ್ಯಾಂಡರ್ಡ್ ಜೊತೆ ಹೊಂದಿದರೆ ಮಾತ್ರ ನಾನು ಆ ಹೆಸರು ಬರೆಯುತ್ತೇನೆ. ತೂಕವೊಂದೇ ಹೊಂದಿದರೆ ಸಾಲದು: ಒಂದೇ ಅಣುಸೂತ್ರದ ಸಂಯುಕ್ತಗಳು ಗಿಡಗಳಲ್ಲಿ ಎಷ್ಟೋ ಇರುತ್ತವೆ. ಹಿಂದೆ ಯಾರೂ ದಾಖಲಿಸದ ಸಂಯುಕ್ತವಾದರೆ ಅದನ್ನು ಶುದ್ಧವಾಗಿ ಬೇರ್ಪಡಿಸಿ, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಗೆ ಕೊಡದೆ ರಚನೆ ಹೇಳುವುದು ದುಡುಕು.

ಚೀನಾ 2003–04ರಲ್ಲಿ ಗ್ವಾಂಗ್ ಫಾಂಗ್ ಜಿ ಸೇರಿದಂತೆ ಅರಿಸ್ಟೊಲೋಕಿಯಾ ಕುಲದ ಹಲವು ಬೇರು-ಬಳ್ಳಿಗಳ ಬಳಕೆ ನಿಲ್ಲಿಸಿತು. ನಮ್ಮ ಕಡೆ ಹಾವಿನ ಕಡಿತಕ್ಕೆಂದು ಹಳ್ಳಿಗಳಲ್ಲಿ ಬಳಸುತ್ತ ಬಂದ ಈಶ್ವರಿ ಬಳ್ಳಿಯೂ ಇದೇ ಕುಲದ್ದು, ಅರಿಸ್ಟೊಲೋಕಿಯಾ ಇಂಡಿಕಾ. ಅದರಲ್ಲೂ ಇದೇ ಆಮ್ಲವಿದೆ. ದಯವಿಟ್ಟು ಅದರ ಬೇರಿನ ಕಷಾಯ ಕುಡಿಯಬೇಡಿ, ಕುಡಿಸಬೇಡಿ.

ಗಿಡಮೂಲಿಕೆ ಖರೀದಿಸುವ ಕಂಪನಿಗಳವರು ವರದಿಯಲ್ಲಿ ‘ಕಂಡುಬಂದಿಲ್ಲ’ ಎಂಬ ಸಾಲು ನೋಡಿ ಸಮಾಧಾನ ಪಡುತ್ತಾರೆ. ಎಷ್ಟು ಪ್ರಮಾಣದವರೆಗೆ ಹುಡುಕಿದಿರಿ, ಯಾವ ಸ್ಟ್ಯಾಂಡರ್ಡ್ ಬಳಸಿದಿರಿ ಎಂದು ಲ್ಯಾಬನ್ನು ಕೇಳಿ. ಕ್ರೊಮ್ಯಾಟೋಗ್ರಾಮ್, ಅಂದರೆ ಯಂತ್ರ ಬರೆದ ಪೀಕ್‌ಗಳ ನಕ್ಷೆ, ಕಳಿಸಲು ಹೇಳಿ. ಕೊಡಲು ಹಿಂಜರಿಯುವ ಲ್ಯಾಬಿನ ವರದಿಯನ್ನು ನಾನಂತೂ ಒಪ್ಪುವುದಿಲ್ಲ.