ಒಂದೇ ಕಂಪನಿಗೆ ಇಷ್ಟೊಂದು ಫೋನ್ ಯಾಕೆ?

ಪ್ರಶ್ನೆ: ಒಂದೇ ಕಂಪನಿಯ ಹತ್ತು ಹದಿನೈದು ಫೋನ್‌ಗಳು ಒಟ್ಟಿಗೆ ಮಾರಾಟದಲ್ಲಿರುತ್ತವೆ. ಹೆಸರು ನೋಡಿದರೆ ತಲೆಬುಡ ತಿಳಿಯುವುದಿಲ್ಲ. ನಾಲ್ಕಕ್ಕೆ ಇಳಿಸಿದರೆ ಕಂಪನಿಗೆ ನಷ್ಟವೇ?

ನಷ್ಟದ ಭಯವಂತೂ ಇದೆ. ಬೆಲೆಯ ಏಣಿಯಲ್ಲಿ ಒಂದು ಮೆಟ್ಟಿಲು ಖಾಲಿ ಬಿಟ್ಟರೆ ಎದುರಾಳಿ ಬಂದು ಅಲ್ಲಿ ಕೂರುತ್ತಾನೆ. ಆದರೆ ಆ ಭಯಕ್ಕೆ ಹುಟ್ಟುವ ಫೋನ್‌ಗಳನ್ನು ನೋಡಿ. 2020ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ31, ಎಫ್41 ಎರಡೂ ಬಂದವು. ಎರಡರಲ್ಲೂ ಅದೇ ಎಕ್ಸಿನೋಸ್ 9611 ಚಿಪ್, ಅದೇ 6.4 ಇಂಚಿನ ಪರದೆ, ಅದೇ 6000 ಎಂಎಎಚ್ ಬ್ಯಾಟರಿ. ತಿರುಗಿಸಿ ನೋಡಿದರೆ ಒಂದರ ಬೆನ್ನಿಗೆ ನಾಲ್ಕು ಕ್ಯಾಮೆರಾ, ಇನ್ನೊಂದಕ್ಕೆ ಮೂರು! ತಮಾಷೆಯೆಂದರೆ, 2019ರಲ್ಲಿ ಇದೇ ಕಂಪನಿ ಜೆ ಸರಣಿಯನ್ನು ಎ ಸರಣಿಯೊಳಗೆ ಸೇರಿಸಿತ್ತು. ಒಂದು ಅಕ್ಷರ ಹೋಯಿತು. ಎಂ, ಎಫ್ ಅಂತ ಎರಡು ಬಂದವು. ಮಾರುವವನೇ ವ್ಯತ್ಯಾಸ ಹೇಳಲು ತಡವರಿಸುವ ಜೋಡಿಗಳಿಂದ ಕತ್ತರಿ ಶುರುವಾಗಬೇಕು.

ನಿಜವಾದ ಹೊರೆ ಇರುವುದು ಮಾರಾಟದ ನಂತರ. ಗೂಗಲ್ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ ಎಸ್24ಕ್ಕೂ 7 ವರ್ಷಗಳ ಅಪ್‌ಡೇಟ್ ಭರವಸೆ ಇದೆ. ಅದೇ ಮಾತನ್ನು ವರ್ಷಕ್ಕೆ 15 ಮಾದರಿಗಳಿಗೆ ಕೊಟ್ಟರೆ ಏಳನೇ ವರ್ಷಕ್ಕೆ 105 ಫೋನ್‌ಗಳ ಮೇಲೆ ಅಪ್‌ಡೇಟ್ ಪರೀಕ್ಷಿಸಬೇಕು. ನಾಲ್ಕೇ ಆದರೆ 28. ಬಿಡಿಭಾಗದ ದಾಸ್ತಾನೂ ಹೀಗೆಯೇ ಬೆಳೆಯುತ್ತದೆ. ಡಿಸ್‌ಪ್ಲೇ ಒಡೆದಾಗ 'ಆ ಮಾಡೆಲ್‌ದು ಸ್ಟಾಕ್ ಇಲ್ಲ' ಅನ್ನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಖಾಲಿ ಮೆಟ್ಟಿಲಿಗೆ ಏನಿಡುವುದು? ಹಳೆಯ ಫೋನನ್ನೇ. 2011ರಲ್ಲಿ ಐಫೋನ್ 4ಎಸ್ ಬಂದಾಗ ಆ್ಯಪಲ್ ತನ್ನ ಹಳೆಯ ಐಫೋನ್ 4 ಮತ್ತು ಐಫೋನ್ 3ಜಿಎಸ್‌ಗಳನ್ನು ಬೆಲೆ ಇಳಿಸಿ ಮಾರಾಟದಲ್ಲಿ ಉಳಿಸಿಕೊಂಡಿತು. ಹೊಸ ವಿನ್ಯಾಸ ಒಂದೇ, ಬೆಲೆಯ ಹಂತ ಮೂರು. ವರ್ಷ ಹಳೆಯದಾದ ಒಳ್ಳೆಯ ಫೋನು, ಅಗ್ಗಕ್ಕೆಂದೇ ಮಾಡಿದ ಹೊಸ ಫೋನಿಗಿಂತ ಎಷ್ಟೋ ಸಲ ವಾಸಿ ಎಂಬುದು ನನ್ನ ಅಭಿಪ್ರಾಯ.

ಕತ್ತರಿ ಯಾರ ಮೇಲೂ ಬೀಳುವುದಿಲ್ಲ ಎಂದಲ್ಲ. 2022ರ ಐಫೋನ್ 14ರ ಸರಣಿಯಲ್ಲಿ 5.4 ಇಂಚಿನ ಮಿನಿ ಇರಲಿಲ್ಲ. ಆ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ಲೆಕ್ಕಕ್ಕೆ ಮಾದರಿಗಳು ಮೊದಲಿನಂತೆ ನಾಲ್ಕೇ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದವರಿಗೆ ಮಾತ್ರ ಅದರಲ್ಲಿ ಒಂದೂ ಇಲ್ಲ.