ಯುಗಾದಿಗೆ ಮುಂಚೆ ಹಳೇ ಗಿಡಗಳನ್ನೆಲ್ಲ ಕತ್ತರಿಸಿಬಿಡಲೇ?

ಪ್ರಶ್ನೆ: ಪುಣೆಯ ಕೋಥರೂಡಿನಲ್ಲಿ ನಮ್ಮದು ಹದಿನೈದು ವರ್ಷದ ತಾರಸಿ ತೋಟ, ಜೊತೆಗೆ ಸಸಿ ಬೆಳೆಸುವ ಪುಟ್ಟ ನರ್ಸರಿ. ಚಳಿ ಕಳೆದ ಮೇಲೆ ಎಲ್ಲವೂ ಸೊರಗಿವೆ. ಗುಲಾಬಿ, ಮಲ್ಲಿಗೆ, ದಾಸವಾಳ ಎಲ್ಲವನ್ನೂ ಕತ್ತರಿಸಿ ಕುಂಡ ಬದಲಾಯಿಸಬಹುದೇ?

ಉತ್ತರ: ಮಲ್ಲಿಗೆಯನ್ನು ಕತ್ತರಿಸಿ, ಗುಲಾಬಿಯನ್ನು ಬಿಡಿ. ಕುಂಡ ಬದಲಾಯಿಸುವ ಕೆಲಸ ಜೂನ್ ಮಳೆಗೆ ಇರಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿತು ಅನ್ನುತ್ತೇವಲ್ಲ, ಪುಣೆಯಲ್ಲಿ ಅದರ ಬೆನ್ನಿಗೇ ಬಿಸಿಲು ಬರುತ್ತದೆ. ಮಾರ್ಚ್ ಕೊನೆಗೆ 36-37 ಡಿಗ್ರಿ, ಏಪ್ರಿಲ್‌ನಲ್ಲಿ 40ರ ಹತ್ತಿರ. ಈಗ ಬೇರು ಕೆದಕಿದರೆ ಗಿಡ ಚೇತರಿಸಿಕೊಳ್ಳಲು ಸಮಯವೇ ಇಲ್ಲ. ಗುಲಾಬಿಗೆ ಇಲ್ಲಿ ದೊಡ್ಡ ಕಟಿಂಗ್ ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ. ಚಳಿದೇಶದ ವಿಡಿಯೋ ನೋಡಿ ಮಾರ್ಚ್‌ನಲ್ಲಿ ಬೋಳಿಸಿದರೆ ಬರಿ ಕಾಂಡ ಬಿಸಿಲಿಗೆ ಸುಡುತ್ತದೆ. ಒಣಕಡ್ಡಿ, ಬಾಡಿದ ಹೂ ತೆಗೆದರೆ ಸಾಕು.

ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ವಾರ ನೀರು ಕಡಿಮೆ ಮಾಡಿ, ಗಿಡವನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಹಳೇ ಎಲೆ ಉದುರಿಸಿ, ಎರಡು ಹಿಡಿ ಹಳೇ ಸೆಗಣಿಗೊಬ್ಬರ ಹಾಕಿ ನೀರು ಬಿಡಿ. ಈ ಕೆಲಸ ಯುಗಾದಿಯವರೆಗೆ ಕಾಯಬಾರದು, ಫೆಬ್ರವರಿಯಲ್ಲೇ ಮುಗಿದಿದ್ದರೆ ಇನ್ನೂ ಒಳ್ಳೆಯದು.

ಸೊರಗಿದ್ದಕ್ಕೆ ಕಾರಣ ಚಳಿಯೇ ಅಂತ ನನಗನ್ನಿಸುವುದಿಲ್ಲ. ನೀರು ಹಾಕಿದ ಕೂಡಲೇ ಕುಂಡದ ಅಂಚಿನಿಂದ ಸರ್ರನೆ ಇಳಿದು ತಟ್ಟೆಗೆ ಬರುತ್ತಿದೆಯೇ ನೋಡಿ. ಬಂದರೆ ಒಳಗೆ ಬೇರು ಹಿಡಿದ ಮಣ್ಣುಂಡೆ ಒಣಗಿಯೇ ಇದೆ. ನರ್ಸರಿಯಿಂದ ತಂದ ಎಷ್ಟೋ ಗಿಡಗಳ ಬೇರಿಗೆ ಅಂಟು ಕೆಂಪುಮಣ್ಣಿನ ಉಂಡೆ ಇರುತ್ತದೆ. ಒಮ್ಮೆ ಒಣಗಿತೋ, ಇಟ್ಟಿಗೆಯೇ. ನನ್ನದೊಂದು ಕಣಗಿಲೆ ಎರಡು ವರ್ಷ ಹೀಗೆ ನಿಂತಿತ್ತು. ದಿನಾ ನೀರು ಹಾಕುತ್ತಿದ್ದೆ, ಕುಡಿಯುತ್ತಿದ್ದದ್ದು ತಟ್ಟೆ. ಕುಂಡವನ್ನು ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ತೆಳು ಕಡ್ಡಿಯಿಂದ ಮಣ್ಣಿಗೆ ನಾಲ್ಕಾರು ತೂತು ಹಾಕಿ. ಮೇಲೆ ಎರಡು ಅಂಗುಲ ಒಣ ಎಲೆ ಹೊದಿಸಿ.

(ಮರಾಠಿಯಲ್ಲಿ ಹೂಕುಂಡಕ್ಕೆ 'ಕುಂಡಿ' ಅನ್ನುತ್ತಾರೆ. 'ಕುಂಡಿ ಬದಲಾಯಿಸಬೇಕು ತಾಯಿ' ಅಂತ ಮಾಳಿ ಅಂದಾಗ ಊರಿಂದ ಬಂದಿದ್ದ ನಮ್ಮತ್ತೆ ಒಳಗೆ ಹೋದವರು ಅವನು ಹೋಗುವ ತನಕ ಹೊರಗೆ ಬರಲಿಲ್ಲ.)

ನರ್ಸರಿಯ ಎಳೆ ಸಸಿಗಳ ಮೇಲೆ ಈಗಲೇ ಐವತ್ತು ಪರ್ಸೆಂಟ್ ಶೇಡ್‌ನೆಟ್ (ಅರ್ಧ ಬಿಸಿಲು ತಡೆಯುವ ನೆರಳುಬಲೆ) ಕಟ್ಟಿ. ಹೊಸ ಕಡ್ಡಿ ನೆಡುವುದು ಮಳೆಗೆ.

ದಾಸವಾಳದ ಮೇಲೆ ಇರುವೆ ಸಾಲು ಕಂಡರೆ ಚಿಗುರಿನ ಸಂದಿ ನೋಡಿ, ಬಿಳಿ ಹಿಟ್ಟುತಿಗಣೆ ಕೂತಿರುತ್ತದೆ. ಅದು ಸುರಿಸುವ ಸಿಹಿ ಅಂಟಿಗೇ ಇರುವೆಗಳು ಕಾವಲು ಕಾಯುವುದು. ಕೆಟ್ಟ ತುದಿ ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಡ್ರಮ್ಮಿಗಲ್ಲ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಟ್ಟು, ಸಂಜೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಬಿಸಿಲಲ್ಲಿ ಮಾತ್ರ ಬೇಡ, ಎಣ್ಣೆ ಬಿದ್ದ ಎಲೆ ಸುಟ್ಟುಹೋಗುತ್ತದೆ.